ದೊರೆಗಳನ್ನೇ ಫೇಲ್ ಮಾಡಿದ ಮಾವ

ಬಿಳಿ ದೊರೆಗಳನ್ನು ಕಂಡರೆ ಊರೇ ಕೈಕಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ, ದೊರೆಗಳನ್ನೇ ನಿಲ್ಲಿಸಿ ಫೇಲ್ ಮಾಡಿದ ಗಂಡು ಕುಷ್ಟಗಿ ಸೀಮೆಗೆಲ್ಲ ಒಬ್ಬನೇ: ನನ್ನ ಸೋದರಮಾವ! ನಿಜಾಮರ ಸಾಲೆಯಲ್ಲಿ ಕಲಿತ ಉರ್ದುವೇ ಅವನ ಬಂಡವಾಳ. ಎರಡನೇ ಮಹಾಯುದ್ಧ ಶುರುವಾದಾಗ ಅದರ ಬಲದ ಮೇಲೆ ಬಳ್ಳಾರಿಯ ದಂಡಿನಲ್ಲಿ ಮುನ್ಶಿಯಾದ. ಹೊಸದಾಗಿ ಬಂದ ಇಂಗ್ಲಿಷ್ ಅಧಿಕಾರಿಗಳಿಗೆ ಸಿಪಾಯಿಗಳ ಭಾಷೆ, ರೀತಿ-ರಿವಾಜು ಕಲಿಸುವುದು ಅವನ ಕೆಲಸ. ಮಾವ ಸೈ ಅಂದರೇ ಪಾಸು.

ಒಬ್ಬ ಎಳೆಯ ಸಾಹೇಬ ಉರ್ದು ವ್ಯಾಕರಣವನ್ನು ಅರೆದು ಕುಡಿದಿದ್ದ. ಮಾವ ಅವನನ್ನು ಜ್ವರ ಬಂದು ಮಲಗಿದ್ದ ಸಿಪಾಯಿಯೊಬ್ಬನ ಮುಂದೆ ನಿಲ್ಲಿಸಿದ. ಸಾಹೇಬ ಒಂದಕ್ಷರ ತಪ್ಪದೆ ಕೇಳಿದ: "ನಿನ್ನ ಹೆಸರೇನು? ನಂಬರೆಷ್ಟು?"

ಫೇಲ್!

"ತಪ್ಪೇನಾಯ್ತು?" ಎಂದು ಸಾಹೇಬ ಕೆಂಪಾದ. ಮಾವ ಉರ್ದುವಿನಲ್ಲಿ ಕೊಟ್ಟ ಉತ್ತರವನ್ನು ಮನೆಗೆ ಬಂದು ನಮ್ಮ ಮಾತಿನಲ್ಲೇ ಹೇಳುತ್ತಿದ್ದ: "ಸಾಹೇಬ್ರ, ಮೊದಲ ಹಣಿ ಮುಟ್ಟಿ ನೋಡ್ರಿ. ನಂಬರ ಎಲ್ಲಿಗೂ ಓಡಿ ಹೋಗಂಗಿಲ್ಲ!"

ಮುಂದಿನ ಪರೀಕ್ಷೆ ಎಲ್ಲಿ ಅಂತೀರಿ? ನಮ್ಮ ಮನೆಯ ಪಡಸಾಲೆಯಲ್ಲಿ! ಸಾಹೇಬ ಚಕ್ಕಳಮಕ್ಕಳ ಹಾಕಿ ಕುಳಿತು ಜೋಳದ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದ. ಮೂಗು, ಕಣ್ಣು ಎರಡೂ ಸೋರತೊಡಗಿದವು. ಆದರೂ ಮಾವ ಕಲಿಸಿದ್ದಂತೆ "ಛಲೋ ಐತ್ರಿ" ಎಂದ.

ಅಜ್ಜಿ ಒಲೆ ಬಿಟ್ಟು ಓಡಿ ಬಂದಳು. "ಅಯ್ಯ, ಕೂಸು ಅಳಾಕತ್ತೈತಿ! ಬೆಣ್ಣಿ ತರ್ರಿ!"

"ಯವ್ವಾ, ಪರೀಕ್ಷಾದಾಗ ಬೆಣ್ಣಿ ಹಾಕಬ್ಯಾಡ!" ಎಂದು ಮಾವ ಕೂಗಿದ.

"ನಿನ್ನ ಪರೀಕ್ಷಾಕ್ಕ ಬೆಂಕಿ ಹತ್ತಲಿ. ಇಂವ ಪಾಸ್!"

ಅಜ್ಜಿಯ ತೀರ್ಪಿಗೆ ಮೇಲ್ಮನವಿ ಎಲ್ಲಿದೆ? ಸಾಹೇಬ ಪಾಸಾಗಿ ಬರ್ಮಾಕ್ಕೆ ಹೋದ. "ಬೆಣ್ಣಿ ತಿಂದು ಪಾಸಾದಾಂವ, ಸಿಪಾಯಿಗಳ್ನ ಹೆಂಗ ನೋಡ್ಕೋತಾನೋ ಏನೋ" ಎಂದು ಮಾವ ಎರಡು ವರ್ಷ ಗೊಣಗಿದ.

ಆಮೇಲೆ ಒಂದು ದಿನ ಸಾಹೇಬ ತೋಳಿನ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಮಾವನನ್ನು ಹುಡುಕಿ ಬಂದ. ಅವನ ತುಕಡಿಯಲ್ಲಿದ್ದ ಹುಲಿಹೈದರ ಊರಿನ ಸಿಪಾಯಿಯೊಬ್ಬ ತೀರಿಕೊಂಡಿದ್ದ. ಮನೆಗೆ ಸಾವಿನ ತಂತಿ ಮೊದಲೇ ಮುಟ್ಟಿತ್ತು. ಆದರೂ ಆ ತಾಯಿಯನ್ನು ಕಂಡೇ ಹೋಗಬೇಕೆಂಬುದು ಸಾಹೇಬನ ಹಟ. "ನಿಮ್ಮ ಮಗ ಶೂರ" ಎಂಬ ಕನ್ನಡದ ಮಾತನ್ನು ಮಾವ ಬಂಡಿಯಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ.

ಒಳಗೆ ನೆಲದ ಮೇಲೆ ಕುಳಿತಿದ್ದ ಆ ಮುದಿ ತಾಯಿಯನ್ನು ಕಂಡದ್ದೇ ತಡ, ಸಾಹೇಬನಿಗೆ ಎಲ್ಲವೂ ಮರೆತುಹೋಯಿತು. ಬೂಟು ಬಿಚ್ಚಿ, ಅವಳ ಪಕ್ಕದಲ್ಲಿ ಬರಿನೆಲದ ಮೇಲೆ ಕುಳಿತ. ಅವಳು ಆ ಪಟ್ಟಿ ಕಟ್ಟಿದ ತೋಳನ್ನು ಮೆಲ್ಲಗೆ ಸವರಿದಳು.

"ಯಪ್ಪಾ, ನಿನಗೂ ಬಡೀತೇನು?"

ಸಾಹೇಬ ಅವಳ ಮಡಿಲಿಗೆ ತಲೆಯಿಟ್ಟು ಬಿಕ್ಕಿದ. ಭಾಷಾಂತರಕ್ಕೆಂದು ಹೋಗಿದ್ದ ಮಾವ ಬಾಗಿಲಲ್ಲೇ ನಿಂತಿದ್ದ. ಮುದುಕಿ ಅವನತ್ತ ಕೈ ಚಾಚಿದಳು. "ನೀ ಯಾಕ ಹೊರಗ ನಿಂತಿ? ಬಾರಪಾ, ಕುಂದ್ರು."

ಮಾವನೂ ಹೋಗಿ ಕುಳಿತ.