ಸೀಟಿ, ಸ್ಕೂಟರು ಮತ್ತು ಬೆಳ್ಳಿ ಉಡಿದಾರ

ಕಾಂತರಾಜುವಿನ ಕಷ್ಟಕ್ಕೆಲ್ಲ ಕಾರಣ ಮದುವೆಯಲ್ಲಿ ಮಾವ ಕೊಟ್ಟ ಬೆಳ್ಳಿ ಉಡಿದಾರ. ಆಗ ಅದು ಅವನ ಸೊಂಟಕ್ಕೆ ಸರಿಯಾಗಿತ್ತು. ಹೊಳೆನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೂತೂ ಕೂತೂ, ಈಗ ಅದರ ಎರಡು ತುದಿಗಳು ಮುನಿಸಿಕೊಂಡ ವಾರಗಿತ್ತಿಯರ ಹಾಗೆ ದೂರದಿಂದಲೇ ಮುಖ ನೋಡಿಕೊಳ್ಳುತ್ತಿದ್ದವು.

"ತೂಕದ ಚಿಂತೆ ಬಿಡಿ, ಸೊಂಟ ಇಳಿಸಿ" ಎಂದರು ಡಾಕ್ಟರು. ಪಕ್ಕದಲ್ಲೇ ಇದ್ದ ಹೆಂಡತಿ ದೀಪಶ್ರೀ ಮನೆಗೆ ಬಂದವಳೇ ತೀರ್ಪು ಕೊಟ್ಟಳು. ಮುಂದಿನ ತಿಂಗಳು ಬಾಗೂರಿನಲ್ಲಿ ಅವಳ ತಮ್ಮನ ಬೀಗರೂಟ. ಅದರ ಹಿಂದಿನ ದಿನ ಉಡಿದಾರ ಹಾಕಿ ನೋಡುವುದು. ಕೊಕ್ಕೆ ಕೂತರೆ ಬಾಡೂಟದ ಪಂಕ್ತಿ. ಕೂರದಿದ್ದರೆ ಸಸ್ಯಾಹಾರಿಗಳ ಜೊತೆ ಕೋಸಂಬರಿ, ತಿಳಿಸಾರು. ಬೀಗರೂಟಕ್ಕೆ ಹೋಗಿ ಕೋಸಂಬರಿ ತಿಂದು ಬರುವುದನ್ನು ನೆನೆದರೇ ಕಾಂತರಾಜುವಿನ ಕಣ್ಣು ತುಂಬುತ್ತಿತ್ತು.

ಸುದ್ದಿ ಅಕ್ಕಪಕ್ಕಕ್ಕೂ ಹೋಯಿತು. ಎಡಗಡೆ ಮನೆಯ ಅನಿಲ್‌ಕುಮಾರ್ ದಿನವೂ ಜಿಮ್ಮಿಗೆ ಹೋಗುವ ಹುಡುಗ. "ಒಂದ್ ನಿಮಿಷ ಉಸಿರು ಕಟ್ಟೋ ಅಂಗೆ ಓಡ್ಬೇಕು, ಒಂದ್ ನಿಮಿಷ ನಡೀಬೇಕು, ಮತ್ತೆ ಓಡ್ಬೇಕು. ಬೊಜ್ಜು ಕರಗ್ತದೆ, ಮಾಂಸಖಂಡ ಉಳೀತದೆ ಕಣಣ್ಣಾ" ಎಂದ. ಬಲಗಡೆ ಮನೆಯ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯನವರು ಅದನ್ನು ಕೇಳಿ ನಕ್ಕರು. "ಓಡೋದು, ನಿಲ್ಲೋದು, ಅದೇನು ಕಳ್ಳನ ಕೆಲಸಾನಾ? ಒಂದೇ ಸಮ ನಡೀರಿ ಕಾಂತರಾಜು. ಬೊಜ್ಜು ತಾನಾಗೇ ಓಗುತ್ತೆ."

ಜಗಳ ಬಿಡಿಸಲು ಡಾಕ್ಟರನ್ನೇ ಕೇಳಿದ್ದಾಯಿತು. "ಎರಡರಲ್ಲೂ ಸೊಂಟ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತೆ. ಯಾವುದಾದ್ರೂ ಮಾಡಿ, ಆದ್ರೆ ಬಿಡದೆ ಮಾಡಿ" ಎಂದರು. ಎರಡೂ ಒಂದೇ ಎಂದಮೇಲೆ ಕಾಂತರಾಜು ಎರಡನ್ನೂ ಮಾಡಲಿಲ್ಲ. ಗಡುವಿಗೆ ಎರಡು ದಿನ ಉಳಿದಾಗ, ತಾಯಿ ನಂಜಮ್ಮನ ಪೆಟ್ಟಿಗೆಯಲ್ಲಿದ್ದ ಉಡಿದಾರವನ್ನು ಗುಟ್ಟಾಗಿ ತೆಗೆದ. ಸೊಂಟಕ್ಕೆ ಹಾಕಿ ನೋಡುವ ಧೈರ್ಯವಾಗಲಿಲ್ಲ. ನೇರವಾಗಿ ಅಕ್ಕಸಾಲಿ ಗೌರೀಶನ ಕೈಗಿಟ್ಟು, ದುಡ್ಡನ್ನೂ ಆಗಲೇ ಕೊಟ್ಟು, "ನಾಲ್ಕು ಕೊಂಡಿ ಸೇರ್ಸು. ಯಾರ್ಗೂ ಯೋಳ್ಬೇಡ" ಎಂದ.

ಗಡುವಿನ ದಿನ ಶನಿವಾರ. ಮಧ್ಯಾಹ್ನ ಉಡಿದಾರ ತರಲು ಮೆಲ್ಲಗೆ ಬಾಗಿಲು ದಾಟಿದರೆ, ಹೊರಗೆ ಅನಿಲ್‌ಕುಮಾರ್ ಬೈಕಿನ ಮೇಲೆ ಕೂತು ಕೊರಳಿಗೆ ಸೀಟಿ ನೇತುಹಾಕಿಕೊಂಡು ಕಾಯುತ್ತಿದ್ದ.

"ಕೊನೇ ದಿನ ಕಣಣ್ಣಾ, ಬಿಡಾಕಿಲ್ಲ ಇವತ್ತು. ಎಲ್ಡ್ ಸೀಟಿ ಊದಿದ್ರೆ ಓಡು. ಒಂದ್ ಊದಿದ್ರೆ ನಡಿ."

ಚನ್ನರಾಯಪಟ್ಟಣದ ರಸ್ತೆಯಲ್ಲಿ ಎರಡು ಸೀಟಿ ಬಿತ್ತು. ಕಾಂತರಾಜು ಓಡಿದ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಓಡಿತು. ಅಷ್ಟರಲ್ಲಿ ಬಸ್ಸೊಂದು ಪಕ್ಕದಲ್ಲೇ ಹಾದು ಮುಂದಾಯಿತು. ಅದೇ ಹೊತ್ತಿಗೆ ಅನಿಲ್‌ಕುಮಾರ್ ನಡೆಯುವುದಕ್ಕೆಂದು ಒಂದು ಸೀಟಿ ಊದಿದ. ಕಂಡಕ್ಟರೇ ಊದಿದನೆಂದುಕೊಂಡ ಡ್ರೈವರು ಗಕ್ಕನೆ ಬಸ್ಸು ನಿಲ್ಲಿಸಿದ.

"ಅಯ್ಯೋ ಪಾಪ, ಎಷ್ಟ್ ದೂರದಿಂದ ಓಡ್ಬತ್ತಾವ್ನೋ!" ಎಂದಳು ಕಿಟಕಿಯ ಪಕ್ಕದ ಹೆಂಗಸು. "ನಾನು ಬಸ್ಸಿಗಲ್ಲ…" ಎನ್ನಲು ಕಾಂತರಾಜುವಿಗೆ ಉಸಿರಿರಲಿಲ್ಲ. ಕಂಡಕ್ಟರು ತೋಳು ಹಿಡಿದು ಒಳಗೆಳೆದುಕೊಂಡ. "ಇಳಿಯಣ್ಣಾ, ಓಡು!" ಎಂದು ಕಿರುಚುತ್ತ ಅನಿಲ್‌ಕುಮಾರ್ ಹಿಂದಿನಿಂದ ಎರಡು ಸೀಟಿ ಊದಿದ. ಡ್ರೈವರು ರೈಟ್ ಎಂದುಕೊಂಡು ಗೇರು ಹಾಕಿದ.

ವಿಷಯ ತಿಳಿದು ಬಸ್ಸಿಡೀ ನಕ್ಕು ಮುಗಿಯುವಷ್ಟರಲ್ಲಿ ಊರು ಹಿಂದುಳಿದಿತ್ತು. ಜೇಬಿನಲ್ಲಿ ಕಾಸಿಲ್ಲದ ಕಾಂತರಾಜುವನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿದರು. ಯಾರಾದರೂ ಗಾಡಿಯಲ್ಲಿ ಕೂರಿಸಿಕೊಂಡು ಹೋದಾರೆಂದು ಕೈ ಅಡ್ಡ ಹಿಡಿದ. ಮೊದಲು ಬಂದದ್ದೇ ಪಂಚಾಕ್ಷರಯ್ಯನವರ ಸ್ಕೂಟರು.

"ಅನಿಲ ಫೋನ್ ಮಾಡ್ದ. ಅವನ ಬೈಕು ಸ್ಟಾರ್ಟೇ ಆಗ್ಲಿಲ್ವಂತೆ. ಓಡಿಸೋಕೋಗಿ ಬಸ್ಸಿಗತ್ತಿಸಿದ್ನಂತೆ! ಈಗ ನೀವು ಒಂದೇ ಸಮ ನಡ್ಕೊಂಡೇ ಬನ್ನಿ. ನಾನು ಪಕ್ಕದಲ್ಲೇ ಬರ್ತೀನಿ."

"ನೀವೂ ನಡೀಬಹುದಲ್ಲ ಸಾ?"

"ನಂಗೆ ಮಂಡಿ ನೋವು ಕಣ್ರೀ."

ದಾರಿಯಲ್ಲಿ ಕಂಡವರೆಲ್ಲ ಬೈಕು ನಿಲ್ಲಿಸಿ, "ಬನ್ನಿ ಸಾ, ಕೂತ್ಕಳಿ" ಎಂದು ಕರೆದರು. ಪಂಚಾಕ್ಷರಯ್ಯನವರು ಒಬ್ಬೊಬ್ಬರನ್ನೂ ಗದರಿಸಿ ಕಳಿಸಿದರು. ಊರು ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು, ಕಾಂತರಾಜುವಿನ ಸೊಂಟ ಮಾತ್ರ ಇಳಿದಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವನು ಗೌರೀಶನ ಅಂಗಡಿಗೆ ನುಗ್ಗಿದ. ಗೌರೀಶ ಪೊಟ್ಟಣ ಕೊಡುತ್ತ, "ಸಾ, ಒಂದ್ ಮಾತು. ಇದ್ಕೆ ಮೊದ್ಲೇ…" ಎಂದು ರಾಗ ಎಳೆದ. ಹೊರಗೆ ಎರಡು ಸೀಟಿ ಕೇಳಿಸಿತು. ಅನಿಲ್‌ಕುಮಾರ್ ಹುಡುಕಿಕೊಂಡು ಬಂದಿದ್ದ. ಕಾಂತರಾಜು ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಓಡಿದ.

ಮನೆಗೆ ಬಂದವನೇ ಬಚ್ಚಲಿಗೆಂದು ಹೋಗಿ ಉಡಿದಾರವನ್ನು ಪೆಟ್ಟಿಗೆಗೆ ಸೇರಿಸಿ ಬಂದ. ಸಂಜೆ ನಡುಮನೆಯಲ್ಲಿ ಎರಡೂ ಪಕ್ಷದವರು ಹಾಜರಾದರು. ನಂಜಮ್ಮ ಪೆಟ್ಟಿಗೆ ತಂದಿಟ್ಟು, ಯಾರ ಮುಖವನ್ನೂ ನೋಡದೆ ಎಲೆ ಅಡಿಕೆ ಹಾಕಿಕೊಂಡರು. ದೀಪಶ್ರೀ ಪಂಚೆಯ ಮೇಲೆಯೇ ಉಡಿದಾರ ಸುತ್ತಿ ಕೊಕ್ಕೆ ಹಾಕಿದಳು. ಕೊಕ್ಕೆ ಕೂತಿತು! ಕಾಂತರಾಜುವಿಗೆ ಬಾಡಿನ ಸಾರಿನ ಘಮ ಮೂಗಿಗೇ ಬಡಿದಂತಾಯಿತು.

ಅವಳು ಕೈ ಬಿಟ್ಟಳು. ಉಡಿದಾರ ಜಾರಿ, ತೊಡೆ ದಾಟಿ, ಝಲ್ಲೆಂದು ಪಾದದ ಮೇಲೆ ಬಿತ್ತು.

"ನೋಡುದ್ರಾ ಸೀಟಿ ಮಹಿಮೆ!" ಎಂದು ಕುಣಿದ ಅನಿಲ್‌ಕುಮಾರ್.

"ನಿನ್ ಸೀಟಿಗೆ ಓಡಿದ್ದು ಬಸ್ಸು ಕಣಯ್ಯಾ! ಸೊಂಟ ಇಳಿಸಿದ್ದು ನನ್ ನಡಿಗೆ" ಎಂದರು ಪಂಚಾಕ್ಷರಯ್ಯ.

ದೀಪಶ್ರೀ ಮಾತ್ರ ಬಿಳಿಚಿಕೊಂಡಿದ್ದಳು. "ಹುಚ್ಚಯ್ಯ ಮಾವನೂ ಇಂಗೇ ಇದ್ದಕ್ಕಿದ್ದಂಗೆ ಕರಗೋಗಿದ್ರು. ಆಮೇಲೆ ನೋಡುದ್ರೆ ಸಕ್ಕರೆ ಕಾಯ್ಲೆ. ನಾನೇ ಕಣ್ರೀ ಸೊಂಟ ಸೊಂಟ ಅಂತ ನಿಮ್ಮ ಪ್ರಾಣ ತಿಂದೆ! ಬೀಗರೂಟ ಆಳಾಗೋಗ್ಲಿ, ನಡೀರಿ ಆಸ್ಪತ್ರೆಗೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮದುವೆಯಾದ ಮೇಲೆ ತನಗಾಗಿ ಅವಳು ಹೀಗೆ ಅತ್ತದ್ದನ್ನು ಕಾಂತರಾಜು ನೋಡಿರಲಿಲ್ಲ. ಬಾಡೂಟಕ್ಕಿಂತ ಆ ಕಣ್ಣೀರು ದೊಡ್ಡದೆನಿಸಿತು. "ಅಳ್ಬೇಡ ಕಣೆ. ನಾನೇ ಕಳ್ಳ. ನಾಲ್ಕು ಕೊಂಡಿ ಸೇರ್ಸಿದ್ದೆ" ಎಂದುಬಿಟ್ಟ.

"ಸುಳ್ಳು! ನಾಲ್ಕು ಕೊಂಡಿಗೆ ಪಾದಕ್ಕೆ ಬೀಳ್ತದಾ? ನನ್ನ ಸಮಾಧಾನಕ್ಕೆ ಯೋಳ್ತಾ ಇದೀರಿ" ಎಂದು ಅವಳು ಇನ್ನೂ ಜೋರಾಗಿ ಅತ್ತಳು. ಕಾಂತರಾಜುವಿಗೂ ಈಗ ನಿಜವಾಗಿ ಹೆದರಿಕೆಯಾಯಿತು. ತನ್ನ ಹೊಟ್ಟೆಯನ್ನು ತಾನೇ ಮುಟ್ಟಿ ನೋಡಿಕೊಂಡ.

ನಂಜಮ್ಮ ಎಲೆ ಅಡಿಕೆ ಉಗಿದು ಬಂದರು. "ಅಳ್ಬ್ಯಾಡ ಕಣವ್ವಾ. ಓದ್ವಾರ ಚನ್ನರಾಯಪಟ್ಣಕ್ಕೆ ಓಗಿದ್ನಲ್ಲ, ಅಲ್ಲಿ ನಾನೂ ಒಂದಷ್ಟು ಕೊಂಡಿ ಆಕುಸ್ದೆ. ಮಗ ಬೀಗ್ರೂಟ್ದಾಗೆ ಬರೀ ಕೋಸಂಬ್ರಿ ತಿಂತಾನಲ್ಲಾ ಅಂತ ಒಟ್ಟೆ ಉರೀತು."

ದೀಪಶ್ರೀ ನೀಳವಾಗಿ ಉಸಿರು ಬಿಟ್ಟಳು. "ಅಂಗಾದ್ರೆ ಇವರು ಸಣ್ಣ ಆಗೇ ಇಲ್ವಾ? ದೇವ್ರು ದೊಡ್ಡವನು" ಎಂದು ನಕ್ಕಳು. ಇನ್ನೊಬ್ಬ ಗೆಲ್ಲಲಿಲ್ಲವೆಂದು ಅನಿಲ್‌ಕುಮಾರನೂ ಪಂಚಾಕ್ಷರಯ್ಯನವರೂ ಹಗುರಾದರು. ಎಲ್ಲರಿಗಿಂತ ಹಗುರಾದವನು ಕಾಂತರಾಜು. ಕಾಯಿಲೆಯೂ ಇಲ್ಲ, ಹೆಂಡತಿಗೆ ಕೋಪವೂ ಇಲ್ಲ.

"ಕಾಫಿ ತರ್ತೀನಿ" ಎಂದು ಎದ್ದ ದೀಪಶ್ರೀ ಉಡಿದಾರವನ್ನೂ ಎತ್ತಿಕೊಂಡಳು. "ನಾಳೆ ಬೀಗರೂಟದಲ್ಲಿ ನೀವು ಪಂಚಾಕ್ಷರಯ್ಯನವರ ಪಕ್ಕದ ಎಲೇಲಿ ಕೂತ್ಕೊಳಿ, ಕೋಸಂಬರಿ ಪಂಕ್ತೀಲಿ. ಸೋಮವಾರದಿಂದ ಒಂದಿನ ಸೀಟಿ, ಒಂದಿನ ಸ್ಕೂಟರು. ತಿಂಗಳಿಗೊಂದು ಕೊಂಡಿ ಬಿಚ್ಚಿಸ್ತೀನಿ. ಸೇರಿಸಿದ್ದೆಲ್ಲಾ ಬಿಚ್ಚಿ ಕೊಕ್ಕೆ ಕೂತ ದಿನ ಬಾಡೂಟ."

ನಾಲ್ಕು ಕೊಂಡಿ ತನ್ನವು. ಕಾಂತರಾಜು ಮೆಲ್ಲಗೆ ತಾಯಿಯ ಪಕ್ಕಕ್ಕೆ ಸರಿದ. "ಅವ್ವಾ, ನೀನೆಷ್ಟು ಆಕ್ಸಿದ್ದೆ?"

ನಂಜಮ್ಮ ಮಗನ ಹೊಟ್ಟೆಯನ್ನು ಪ್ರೀತಿಯಿಂದ ನೋಡಿದರು. "ಲೆಕ್ಕ ಇಟ್ಟಿಲ್ಲ ಕಣ್ಲಾ ಮಗಾ. ಮುಂದಕ್ಕೂ ಇರ್ಲಿ ಅಂತ ಒಂದು ಬೊಗಸೆ ಆಕ್ಸಿವ್ನಿ."