ಆರ್ವಿಲ್‌ನ ನಾಳಪರೀಕ್ಷೆ

ಎಲ್ಲಕ್ಕೂ ಮೂಲ ಒಂದು ಪ್ರಾರ್ಥನೆ. ಮಂಗಳವಾರ ಆರ್ವಿಲ್ ಟ್ವೇಟ್‌ನ ರಕ್ತನಾಳಗಳ ಪರೀಕ್ಷೆ ಇದೆ, ಎಲ್ಲರೂ ಅವನಿಗಾಗಿ ಬೇಡಿಕೊಳ್ಳಿ ಎಂದು ಅವನ ಹೆಂಡತಿ ಮಾರ್ವಾ ಭಾನುವಾರ ಚರ್ಚಿನಲ್ಲಿ ಪಾದ್ರಿಗಳಿಂದ ಹೇಳಿಸಿಬಿಟ್ಟಳು. ಮಿನ್ನೆಸೋಟಾದ ಆ ಸಣ್ಣ ಊರಿನಲ್ಲಿ ಪ್ರಾರ್ಥನೆ ಬರಿಗೈಯಲ್ಲಿ ಬರುವುದಿಲ್ಲ. ಅದರ ಬೆನ್ನಿಗೇ ಬಿಸಿ ಗಾಜಿನ ಪಾತ್ರೆಯೊಂದು ಬರುತ್ತದೆ, ತಳದಲ್ಲಿ ಕೊಟ್ಟವರ ಹೆಸರು ಬರೆದ ಟೇಪು ಅಂಟಿಸಿಕೊಂಡು. ಅದನ್ನು ಖಾಲಿ ಮಾಡಿ, ತೊಳೆದು ಹಿಂದಿರುಗಿಸಬೇಕು. ತುಂಬಿದ ಪಾತ್ರೆ ವಾಪಸು ಹೋದರೆ ಎರಡು ಮನೆಗಳ ನಡುವೆ ಮಾತು ಮುಗಿದ ಹಾಗೆ.

ಬೇರೆಯವರಿಗಾದರೆ ಇದು ಭಾಗ್ಯ. ಆರ್ವಿಲ್‌ಗೆ ಶಾಪ. ಅವನ ಎರಡೂ ಕಿಡ್ನಿಗಳು ವರ್ಷಗಳಿಂದ, ಮುಷ್ಕರ ಹೂಡಿದ ಆಳುಗಳ ಹಾಗೆ, ಕೆಲಸ ಕಡಿಮೆ ಮಾಡುತ್ತ ಬಂದಿದ್ದವು. ಮಾರ್ವಾಳ ತಮ್ಮ ಗೇಲನ್ ತನ್ನದೊಂದನ್ನು ಕೊಡಲು ಒಪ್ಪಿದ್ದ. ರಕ್ತ ಹೊಂದಿತ್ತು, ಮನಸ್ಸೂ ಹೊಂದಿತ್ತು. ಉಳಿದದ್ದು ಡಾಕ್ಟರಮ್ಮನ ಒಂದೇ ಅನುಮಾನ. ಕಿಡ್ನಿ ಕೆಟ್ಟವರ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ, ಬಳುಕಬೇಕಾದ ನಾಳ ಸೆಟೆದು ನಿಲ್ಲುತ್ತದೆ, ಅದರ ವಿರುದ್ಧ ನೂಕಿ ನೂಕಿ ಹೃದಯ ಸೋಲುತ್ತದೆ; ಇಂಥವರಲ್ಲಿ ಎಷ್ಟೋ ಜನರನ್ನು ಕೊನೆಗೆ ಒಯ್ಯುವುದು ಹೃದಯವೇ ಎಂದು ಆಕೆ ಮೆಲ್ಲಗೆ ಹೇಳಿದ್ದಳು. ನಾಳ ತೀರಾ ಗಟ್ಟಿಯಾಗಿದ್ದರೆ ಶಸ್ತ್ರಚಿಕಿತ್ಸೆ ಇಲ್ಲ.

ಹಾಗಾಗಿ ಮಾರ್ವಾ, ಕಿಡ್ನಿಗೆ ಆಗದ ಪೊಟ್ಯಾಶಿಯಂ ಇಳಿದುಹೋಗಲೆಂದು ಆಲೂಗಡ್ಡೆಯನ್ನು ಎರಡು ನೀರಿನಲ್ಲಿ ಬೇಯಿಸಿ, ಎರಡನ್ನೂ ಚೆಲ್ಲಿ, ಉಪ್ಪಿಲ್ಲದೆ ಬಡಿಸುತ್ತಿದ್ದಳು. ಆರ್ವಿಲ್ ಮಾತಾಡದೆ ತಿನ್ನುತ್ತಿದ್ದ. ನೆರೆಯವರ ಪಾತ್ರೆಗಳನ್ನು ಖಾಲಿ ಮಾಡುವ ಹೊಣೆ ಗೇಲನ್‌ನದು. ಭಾವನಿಗೆ ಕಾಯಿಲೆ ಹಿಡಿದಾಗಿನಿಂದ ಅವನು ಸಂಜೆ ಹಿತ್ತಲ ಬಾಗಿಲಿಂದ ಬಂದು, ನಿಂತೇ ತಿಂದು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದ. ಅವನನ್ನು ಕಂಡರೆ ಆರ್ವಿಲ್‌ಗೆ ಎದೆ ತುಂಬುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಆ ಸೀಮೆಯ ಗಂಡಸರಿಗೆ ಗೊತ್ತಿಲ್ಲ.

ಮಂಗಳವಾರ ಬೆಳಗ್ಗೆ ಮೊದಲು ಬಂದವಳು ಎದುರುಮನೆಯ ಬರ್ನೀಸ್. ಕೈಯಲ್ಲಿ ಹಾಟ್‌ಡಿಶ್: ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೆ ಚೀಸಿನ ಕಂಬಳಿ. ಕಾಫಿ ಕೂಡದು, ಉಪ್ಪು ಕೂಡದು, ಹೊಟ್ಟೆ ಹಗುರ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ ಎಂದು ಆರ್ವಿಲ್ ತಡವರಿಸಿದ. ಬರ್ನೀಸ್ ಕುರ್ಚಿ ಎಳೆದುಕೊಂಡು ಕೂತಳು.

"ಆಸ್ಪತ್ರೆಯವರು ಹೇಳ್ತಾರಪ್ಪ, ಅವರಿಗೇನು. ಒಂದು ತುತ್ತು ತಿನ್ನು, ಎದ್ದು ಹೋಗ್ತೀನಿ."

ಆರ್ವಿಲ್ ಒಂದು ಚಮಚ ಬಾಯಿಗಿಟ್ಟು ಕೆನ್ನೆಯಲ್ಲೇ ಅಡಗಿಸಿಕೊಂಡ. ಆಗ ಬರ್ನೀಸ್, ಇಂಥದೇ ಪರೀಕ್ಷೆಗೆ ಹೋಗಿ ಮನೆಗೆ ಬರದೇ ಹೋದ ತನ್ನ ಚಿಕ್ಕಪ್ಪನ ಕತೆ ತೆಗೆದಳು. ಕತೆ ಉದ್ದವಾಗಿತ್ತು. ಆರ್ವಿಲ್ ಕೆನ್ನೆ ಉಬ್ಬಿಸಿಕೊಂಡು, ಕಾಳು ಕದ್ದ ಅಳಿಲಿನಂತೆ ತಲೆಯಾಡಿಸುತ್ತ ಕೂತ. ಕೊನೆಗೆ ಮಾರ್ವಾ ಹೊಸ ಪರದೆ ತೋರಿಸುವ ನೆಪದಲ್ಲಿ ಅವಳನ್ನು ನಡುಮನೆಗೆ ಕರೆದೊಯ್ದಳು. ಆರ್ವಿಲ್ ತೊಟ್ಟಿಗೆ ಉಗುಳುವಷ್ಟರಲ್ಲಿ ಹಿತ್ತಲಿಂದ ಗೇಲನ್ ಬಂದು ಪಾತ್ರೆಯ ತಳ ಕಾಣಿಸಿದ್ದ. ಬರ್ನೀಸ್ ಹಿಂದಿರುಗಿ ಖಾಲಿ ಪಾತ್ರೆ ನೋಡಿ ಎಷ್ಟು ಕರಗಿಹೋದಳೆಂದರೆ, ತಾನೂ ಆಸ್ಪತ್ರೆಗೆ ಬರುವುದಾಗಿ ಘೋಷಿಸಿದಳು.

ಮಾರ್ವಾ ಮನೆಯಲ್ಲೇ ಉಳಿದಳು, ಗೇಲನ್‌ನ ಟ್ರಕ್ಕಿನಲ್ಲಿ ಉಳಿದ ಮೂವರೂ ಒತ್ತಿಕೊಂಡು ಕೂತರು. ಬರ್ನೀಸ್ ಚೀಲದಿಂದ ಮಣಿಕಟ್ಟಿಗೆ ಕಟ್ಟುವ ಬಿ.ಪಿ. ಯಂತ್ರ ತೆಗೆದಳು. ಕೆಂಪು ದೀಪ ಬಿದ್ದಲ್ಲೆಲ್ಲ ಆರ್ವಿಲ್‌ನ ಬಿ.ಪಿ. ನೋಡಿದಳು, ನೋಡಿದಾಗಲೆಲ್ಲ ನಾಲಿಗೆ ಲೊಚಗುಟ್ಟಿದಳು. ಅವಳು ಲೊಚಗುಟ್ಟಿದಂತೆ ಅದು ಏರಿತು. ಏರಿದಂತೆ ಅವಳು ಇನ್ನೂ ಲೊಚಗುಟ್ಟಿದಳು. ದಾರಿಯಲ್ಲಿ ಪರಿಚಯದವರು ಹಿಡಿದ ಕಾಫಿ, ಉಪ್ಪಿನಕಾಯಿ, ಒಣಮಾಂಸ ಎಲ್ಲವೂ ಆರ್ವಿಲ್‌ನ ಕೈಗೆ ಬಂದು ಗೇಲನ್‌ನ ಹೊಟ್ಟೆ ಸೇರಿದವು.

ಪರೀಕ್ಷೆಯ ಕೋಣೆಯಲ್ಲಿ ಎತ್ತರದ ಹುಡುಗಿಯೊಬ್ಬಳು ಕೆಲಸ ವಿವರಿಸಿದಳು. ಹೃದಯದ ಒಂದು ಬಡಿತ ಕುತ್ತಿಗೆಗೂ ತೊಡೆಗೂ ತಲುಪುವುದನ್ನು ಹಿಡಿದು, ಅದರ ಓಟದ ವೇಗ ಅಳೆಯುತ್ತಾರಂತೆ. ಅಲುಗಬಾರದು, ಮಾತಾಡಬಾರದು. ಆದರೆ ಆರ್ವಿಲ್‌ನ ಎದೆ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂರಲಿ ಎಂದಳು ಹುಡುಗಿ. ಭಾವನಿಗೆ ಧೈರ್ಯ ಬರಲಿ, ಮೊದಲು ತನಗೇ ಮಾಡಿ ತೋರಿಸಿ ಎಂದ ಗೇಲನ್. ಕೊಡುವವನನ್ನೂ ಒಮ್ಮೆ ನೋಡಿದರೆ ತಪ್ಪೇನಿಲ್ಲ ಎನ್ನಿಸಿರಬೇಕು, ಅವಳು ಒಪ್ಪಿದಳು.

ಗೇಲನ್ ಕಣ್ಣುಮುಚ್ಚಿ ರಾಜನಂತೆ ಮಲಗಿದ. ಆಮೇಲೆ ಆರ್ವಿಲ್‌ನ ಸರದಿ. ಎರಡೂ ಅಂಕಿಗಳು ಪರದೆಯ ಮೇಲೆ ಅಕ್ಕಪಕ್ಕ ಬಂದವು.

"ನೋಡು ಭಾವ," ಎಂದ ಗೇಲನ್, "ನನ್ನದು ನಿನ್ನದಕ್ಕಿಂತ ಎಷ್ಟು ಜೋರು ಓಡ್ತಿದೆ. ಈ ಮಾಲು ನಿನಗೆ ಪುಕ್ಕಟೆ ಸಿಗ್ತಿದೆ."

ಹುಡುಗಿ ನಗಲಿಲ್ಲ. ಇನ್ನೊಮ್ಮೆ ಅಳೆದಳು. ಆಮೇಲೆ ಡಾಕ್ಟರಮ್ಮನನ್ನು ಕರೆಯಲು ಹೋದಳು. ಆರ್ವಿಲ್ ಎಲ್ಲ ಅರ್ಥಮಾಡಿಕೊಂಡ. ತನ್ನ ಕತೆ ಮುಗಿಯಿತು. ಅಚ್ಚರಿಯೆಂದರೆ ಅವನ ಎದೆ ಈಗ ಶಾಂತವಾಯಿತು. ಬೇಸರಪಡಬೇಡ ಎಂದು ಗೇಲನ್‌ನ ಹೆಗಲ ಮೇಲೆ ಕೈಯಿಟ್ಟ.

ಡಾಕ್ಟರಮ್ಮ ಬಂದು ಪರದೆಯನ್ನು ಬಹಳ ಹೊತ್ತು ನೋಡಿದಳು.

"ನಿಮ್ಮ ನಾಳಗಳು ನಾನು ನೆನೆಸಿದ್ದಕ್ಕಿಂತ ಎಷ್ಟೋ ಚೆನ್ನಾಗಿವೆ, ಆರ್ವಿಲ್. ಇಷ್ಟು ವರ್ಷ ಬಾಯಿ ಕಟ್ಟಿದ್ದು ಕೆಲಸ ಮಾಡಿದೆ. ಕಿಡ್ನಿ ಒಂದು ಸರಿ ಇದ್ದಿದ್ರೆ, ದಾನ ಮಾಡೋಕೆ ನಿಮ್ಮನ್ನೇ ಕೇಳ್ತಿದ್ದೆ."

ಆಕೆ ಗೇಲನ್ ಕಡೆ ತಿರುಗಿದಳು. ಬಡಿತ ಬೇಗ ಓಡುವುದು ಗಟ್ಟಿ ಕೊಳವೆಯಲ್ಲಿ, ಬಳುಕುವ ನಾಳದಲ್ಲಿ ಅದು ನಿಧಾನ ಎಂದು ತಿಳಿಸಿ, ಏನು ಊಟ ಮಾಡುತ್ತೀರಿ ಎಂದು ಕೇಳಿದಳು. ಗೇಲನ್ ಬೆಳಗಿನಿಂದ ತಿಂದದ್ದನ್ನು ಹೇಳಿದ. ಆಕೆ ಬಿ.ಪಿ.ಯನ್ನೂ ನೋಡಿ ತಲೆಯಾಡಿಸಿದಳು.

"ಇದು ಇವತ್ತಿನ ಒಂದು ಊಟದಿಂದ ಆದದ್ದಲ್ಲ. ಬೇರೆ ಪರೀಕ್ಷೆ ಎಲ್ಲ ಮತ್ತೆ ಮಾಡಿಸೋಣ, ಆದರೆ ನನಗನ್ನಿಸೋದು ಹೇಳ್ತೀನಿ. ನಿಮ್ಮ ಎರಡೂ ಕಿಡ್ನಿ ನಿಮಗೇ ಬೇಕು. ಇವತ್ತಿಂದ ನಿಮ್ಮ ಭಾವ ಏನು ತಿಂತಾರೋ ಅದನ್ನೇ ತಿನ್ನಿ."

ಇಷ್ಟು ವರ್ಷ ಗೇಲನ್ ತಿಂದದ್ದು ಯಾರ ಪಾಲಿನದೆಂದು ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯ ಕಾರಿಡಾರಿನ ಉದ್ದಕ್ಕೂ ಗೇಲನ್ ತಲೆ ತಗ್ಗಿಸಿ ನಡೆದ, ಆರ್ವಿಲ್ ಅವನ ಪಕ್ಕದಲ್ಲಿ.

ಹೊರಗೆ ಬರ್ನೀಸ್ ಡಬ್ಬಿ ತೆರೆದುಕೊಂಡು ಕಾದಿದ್ದಳು. ಬೆಣ್ಣೆ ಸವರಿದ ಬನ್ನು, ನಡುವೆ ದಪ್ಪ ಹ್ಯಾಮ್. ನಾಳ ಹೇಗಿದೆಯಂತೆ ಎಂದು ಕೇಳಿದಳು. ಚೆನ್ನಾಗಿದೆಯಂತೆ ಎಂದ ಆರ್ವಿಲ್. ಅವಳು ಕಣ್ಣೊರೆಸಿಕೊಂಡು ಡಬ್ಬಿಯನ್ನು ಮುಂದಕ್ಕೆ ಚಾಚಿದಳು. ಗೇಲನ್‌ನ ಕೈ ರೂಢಿಯಂತೆ ತಾನಾಗಿ ಮೇಲೆದ್ದಿತು.

ಅದು ತಲುಪುವ ಮೊದಲೇ ಆರ್ವಿಲ್ ಬನ್ನು ಎತ್ತಿಕೊಂಡು ಕಚ್ಚಿದ. ಗೇಲನ್‌ನ ಕಣ್ಣು ತಪ್ಪಿಸಿ, ಅಗಿದು, ನುಂಗಿದ. ಮತ್ತೊಂದನ್ನೂ ಎತ್ತಿಕೊಂಡ. ಡಬ್ಬಿ ಖಾಲಿಯಾಗುವವರೆಗೆ ಬರ್ನೀಸ್ ಉಸಿರು ಬಿಗಿಹಿಡಿದು ನೋಡಿದಳು.

"ಪಾಪ, ನಿನಗೆ ಇಷ್ಟೊಂದು ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದಳು. "ನಾಳೆಯಿಂದ ದಿನಾ ತರ್ತೀನಿ."