ಟ್ರಾಲಿಯ ಮೇಲೆ ಭವಿಷ್ಯ ಮಾರ್ಗದರ್ಶನ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಟ್ರ್ಯಾಕ್ಟರ್ ಬಿಚ್ಚಿಸಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಹೊಸದಾಗಿ ಮದುವೆಯಾಗಿ, ಬಸವಕಲ್ಯಾಣದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ದಿನವೂ ಬಸ್ಸು ಹತ್ತಿ ಮೋರಖಂಡಿಯ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗುತ್ತಿದ್ದೆ. ಒಂದು ದಿನ ಹತ್ತನೆಯ ತರಗತಿಯಲ್ಲಿ ಮುಂದೆ ಏನಾಗುತ್ತೀರಿ ಎಂದು ಕೇಳಿದೆ. ಅರ್ಧ ತರಗತಿ ಬಸ್ ಕಂಡಕ್ಟರ್ ಆಗುವುದಾಗಿ ಹೇಳಿತು. ಒಬ್ಬಳನ್ನು ಬಿಟ್ಟು ಉಳಿದರ್ಧ, ನೀವು ಹೇಳಿದ್ದು ಆಗುತ್ತೇವೆ ಎಂದಿತು. ಈ ಎರಡನೆಯ ಉತ್ತರ ನನ್ನ ತಲೆಗೆ ಏರಿತು. ಈ ಮಕ್ಕಳ ಭವಿಷ್ಯ ರೂಪಿಸುವ ಹೊಣೆ ನನ್ನ ಹೆಗಲ ಮೇಲಿದೆ ಎಂದು ಅಂದೇ ತೀರ್ಮಾನಿಸಿದೆ. ಹೆಗಲನ್ನು ಯಾರೂ ಕೇಳಿರಲಿಲ್ಲ.

ಬೇರೆ ಉತ್ತರ ಕೊಟ್ಟವಳು ಮಹಾದೇವಿ ಒಬ್ಬಳೇ. ಹುಮನಾಬಾದಿನ ಫ್ಯಾಕ್ಟರಿಯಲ್ಲಿ ಔಷಧಿ ತಯಾರಿಸುತ್ತಾರಲ್ಲ, ಆ ಕೆಲಸ ಬೇಕು ಎಂದಳು. ಅದಕ್ಕೆ ಪಿಯುಸಿ ಸೈನ್ಸ್ ಓದಬೇಕು, ಅದಕ್ಕೆ ಹುಮನಾಬಾದಿಗೆ ಹೋಗಬೇಕು, ಅದಕ್ಕೆ ಅಪ್ಪ ಒಪ್ಪಬೇಕು. ಅಪ್ಪ ಶರಣಪ್ಪ ತೊಗರಿ, ಜೋಳ ಚೆನ್ನಾಗಿ ಬೆಳೆಯುವ ರೈತ. ಪರೀಕ್ಷೆ ಮುಗಿದ ಮೇಲೆ ಮಗಳನ್ನು ಸೋದರತ್ತೆಯ ಊರಿಗೆ ಕಳಿಸಿ ಹೊಲಿಗೆ ಕಲಿಸುವುದೆಂದು ಅವರ ಮನೆಯಲ್ಲಿ ಆಗಲೇ ಮಾತಾಗಿತ್ತು.

ನಾನು ಮನೆಗೇ ಹೋಗಿ ವಿಜ್ಞಾನದ ಮಹತ್ವ ಕುರಿತು ಭಾಷಣ ಮಾಡಿದೆ. ಶರಣಪ್ಪ ಪೂರ್ತಿ ಕೇಳಿಸಿಕೊಂಡು, ಚಹಾ ಕುಡಿಸಿ, ಒಂದೇ ಮಾತು ಹೇಳಿದರು.

"ಅಂಥಾ ನೌಕರಿ ಮಾಡೋ ಒಬ್ಬ ಹೆಣ್ಣುಮಗಳ್ನ ತಂದು ತೋರಸ್ರಿ ಮಾಸ್ತರ್. ಆಕಿ ಮಾತು ಕೇಳ್ತೀನಿ. ಮನಸಿಗಿ ಬಂದ್ರ ಕಳಸ್ತೀನಿ, ಇಲ್ಲಾಂದ್ರ ಇಲ್ಲ."

ಹುಡುಕಿದೆ. ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ಸುನಂದಾ ಮೇಡಂ ಸಿಕ್ಕರು. ಮಧ್ಯಾಹ್ನದ ಪಾಳಿಗೆ ವಾಪಸು ಹೋಗಬೇಕು, ಅರ್ಧ ಗಂಟೆ ಮಾತಾಡುತ್ತೇನೆ ಎಂದು ಒಪ್ಪಿಕೊಂಡರು. ಅವರನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ಮಕ್ಕಳ ಮುಂದೆ ಮಾತಾಡಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಅದನ್ನು ಕಾರ್ಯಕ್ರಮ ಮಾಡಿದೆ!

ಕಾರ್ಯಕ್ರಮ ಎಂದಮೇಲೆ ವೇದಿಕೆ ಬೇಕು. ನಮ್ಮ ಕಡೆ ವೇದಿಕೆ ಎಂದರೆ ಟ್ರ್ಯಾಕ್ಟರಿನ ಟ್ರಾಲಿ. ಪಕ್ಕದ ಹಲಗೆ ಕಳಚಿ, ಮೇಲೆ ಜಮಖಾನೆ ಹಾಸಿ, ಕುರ್ಚಿ ಇಟ್ಟರೆ ಆಯಿತು. ಊರಿನವರೊಬ್ಬರು ಟ್ರಾಲಿ ಕೊಟ್ಟರು. ನಡುವೆ ಎರಡೇ ಗಾಲಿ, ಮುಂದೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಕ್ಕೆ. ಎಲ್ಲ ಅಂದವಾಗಿತ್ತು, ಟ್ರ್ಯಾಕ್ಟರೊಂದೇ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಇದು ಶೈಕ್ಷಣಿಕ ಸಮಾರಂಭ, ಎಂಜಿನ್ ಕಾಣಬಾರದು ಎಂದು ಬಿಚ್ಚಿಸಿ ಕಳಿಸಿದೆ. ಕೊಕ್ಕೆಯ ಕೆಳಗೆ ಕಲ್ಲು ಒಟ್ಟಿದರು. ಹಿಂದಿನ ತುದಿಯ ಕೆಳಗೆ ಏನೂ ಇಡಲಿಲ್ಲ. ಸನ್ನೆಕೋಲಿನ ಪಾಠವನ್ನು ಅದೇ ತಿಂಗಳು, ಚಿತ್ರ ಬರೆದು, ಎರಡು ಸಲ ಮಾಡಿದವನು ನಾನು.

ಇನ್ನು ಸತ್ಕಾರ. ಸಭೆಗೆ ಬಂದ ಹಿರಿಯರನ್ನು ಕೆಳಗೆ ಕೂರಿಸಿದರೆ ನಮ್ಮಲ್ಲಿ ಅವಮಾನ. ಮೇಲೆ ಕೂರಿಸಿ ಹಾರ ಹಾಕದಿದ್ದರೆ ದೊಡ್ಡ ಅವಮಾನ. ಅವರಿಗೆ ಹಾಕಿ, ಪಕ್ಕದಲ್ಲಿ ಕುಳಿತ ಅವರ ಬೀಗರಿಗೆ ಹಾಕದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಬಾಳುವ ಅವಮಾನ. ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ, ಯಾರನ್ನೂ ಬಿಡಬೇಡಿ ಎಂದರು. ನಾನು ಬಿಡಲಿಲ್ಲ. ಮಗಳ ಸಲುವಾಗಿ ಬಂದು ಬೇವಿನ ಮರದ ಕೆಳಗೆ ನಿಂತಿದ್ದ ಶರಣಪ್ಪನವರನ್ನೂ ಕೈಹಿಡಿದು ಎಳೆದು ಮೇಲೆ ಹತ್ತಿಸಿದೆ. ಟ್ರಾಲಿ ಕಬ್ಬಿನ ಕಾಲದಲ್ಲೂ ಅಷ್ಟು ತುಂಬಿರಲಿಕ್ಕಿಲ್ಲ.

ಸುನಂದಾ ಮೇಡಂಗೆ ಹಾರ ಹಾಕಿದವಳು ಮಹಾದೇವಿ; ಅವರು ಅವಳ ಹೆಸರು ಕೇಳಿ ತಿಳಿದುಕೊಂಡರು. ಹಾರ ಹಾಕಿಸಿಕೊಂಡವರು ಹಾರ ಹಾಕಿದವರಿಗೆ ಹಾರ ಹಾಕಿದರು. ಪ್ರತಿಯೊಬ್ಬರೂ ಎರಡೇ ಮಾತು ಆಡುವುದಾಗಿ ಹೇಳಿ ಮೈಕು ಹಿಡಿದರು. ಮುಂದೆ ನೆಲದ ಮೇಲೆ ಕುಳಿತ ಮಕ್ಕಳು ಬಿಸಿಲಿಗೆ ಬಾಡಿದರು. ಸುನಂದಾ ಮೇಡಂ ಗಡಿಯಾರ ನೋಡಿದರು. ಮತ್ತೆ ನೋಡಿದರು. ಕೊನೆಗೆ ಅವರ ಮಾತಿನ ಸರದಿ ಬಂತು. ಎದ್ದು ಹೋಗಿ, ಕೊಕ್ಕೆಯ ಕಡೆಯ ತುದಿಯಲ್ಲಿದ್ದ ಮೈಕಿನ ಮುಂದೆ ನಿಂತು, "ಮಕ್ಕಳೇ" ಎಂದರು.

ಅಷ್ಟರಲ್ಲಿ ಜೀಪು ಬಂತು. ತಡವಾಗಿ ಬಂದ ಮುಖಂಡರೊಬ್ಬರು ಇಳಿದರು. ಮೈಕಟ್ಟು ಭಾರಿ, ಗೌರವ ಅದಕ್ಕಿಂತ ಭಾರಿ. ಹತ್ತಲು ಬೆಂಚು ಇಟ್ಟಿದ್ದು ಹಿಂದಿನ ತುದಿಯಲ್ಲಿ. ವೇದಿಕೆಯ ಮೇಲಿದ್ದ ಹಿರಿಯರೆಲ್ಲ ಒಟ್ಟಿಗೆ ಎದ್ದು, ಅವರನ್ನು ಬರಮಾಡಿಕೊಳ್ಳಲು ಆ ತುದಿಗೆ ನಡೆದರು. ಹಾರ ಹಿಡಿದು ನಾನೂ ನಡೆದೆ. ನಾಲ್ಕು ಜನ ಕೈಹಿಡಿದು ಮುಖಂಡರನ್ನು ಮೇಲೆ ಎಳೆದೆವು.

ಸದ್ದೇ ಆಗಲಿಲ್ಲ. ಇವತ್ತಿಗೂ ನನ್ನನ್ನು ಹೆದರಿಸುವುದು ಅದೇ. ಕಾಲ ಕೆಳಗಿನ ಜಮಖಾನೆ ಮೆಲ್ಲಗೆ ಇಳಿಜಾರಾಯಿತು. ಕುರ್ಚಿಗಳು ತಾವಾಗಿಯೇ ನಮ್ಮ ಕಡೆ ಬಂದವು. ಮರುಕ್ಷಣ ಹಿಂದಿನ ತುದಿ ನೆಲಕ್ಕೆ ಕೂತಿತ್ತು, ಗ್ರಾಮದ ಸಮಸ್ತ ಹಿರಿತನ ಒಂದರ ಮೇಲೊಂದು ರಾಶಿಯಾಗಿತ್ತು, ಮತ್ತು ಮುಖಂಡರ ಹಾರ ಹೇಗೋ ನನ್ನ ಕೊರಳಲ್ಲಿತ್ತು. ತಲೆಯೆತ್ತಿ ನೋಡಿದರೆ, ಆ ಕಡೆಯ ತುದಿ ಆಕಾಶದಲ್ಲಿ. ಅಲ್ಲಿ ಸುನಂದಾ ಮೇಡಂ ಕಬ್ಬಿಣದ ಅಂಚು ಹಿಡಿದು ಕುಳಿತಿದ್ದರು. ಇನ್ನೊಂದು ಕೈಯಲ್ಲಿ ಮೈಕು.

ನಗು ಇಲ್ಲಿಗೆ ನಿಲ್ಲುತ್ತದೆ. ಏನಾಯಿತೆಂದು ನೋಡಲು ಸಣ್ಣ ಮಕ್ಕಳು ಓಡಿಬಂದು ಎದ್ದ ತುದಿಯ ಕೆಳಗೆ ನುಗ್ಗಿದ್ದರು. ರಾಶಿಯೊಳಗಿನ ನಾವೆಲ್ಲ ಜಿಗಿದು ಇಳಿದರೆ ಆ ತುದಿ ಅವರ ತಲೆಯ ಮೇಲೆ ಬೀಳುತ್ತದೆ. ಇದು ಹೊಳೆದದ್ದು ಮೇಲೆ ಕುಳಿತಿದ್ದ ಮೇಡಂಗೆ ಮಾತ್ರ. ನಾನು ಆಗಲೇ ಜಿಗಿಯಲು ಒಂದು ಕಾಲು ಹೊರಗೆ ಹಾಕಿದ್ದೆ, ಮಕ್ಕಳನ್ನು ಕಾಪಾಡಲಿಕ್ಕೆ!

ಮೈಕಿನಲ್ಲಿ ದನಿ ಬಂತು. ಏರಲಿಲ್ಲ, ನಡುಗಲಿಲ್ಲ. "ಯಾರೂ ಇಳಿಬ್ಯಾಡ್ರಿ. ಕುಂತಲ್ಲೇ ಕುಂದರ್ರಿ. ಮಹಾದೇವಿ, ಹುಡುಗರ್ನ ಅಡಿಯಿಂದ ಹೊರಗ ಎಳಿ."

ಯಾರೋ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ರಾಶಿಯ ಅಡಿಯಲ್ಲಿದ್ದ ಶರಣಪ್ಪ.

"ಏ ಮಾಸ್ತರ, ಮೇಡಂ ಕುಂದ್ರು ಅಂದಾಳ. ಕುಂದ್ರು."

ಕುಂತೆ. ಮುಖಂಡರೂ ಕುಂತರು. ಮಹಾದೇವಿ ಒಬ್ಬೊಬ್ಬರ ತೋಳು ಹಿಡಿದು ಮಕ್ಕಳನ್ನೆಲ್ಲ ಹೊರಗೆ ಹಾಕಿದಳು. ಆಮೇಲೆ ಮೇಡಂ ಹೇಳಿದಂತೆ ಹುಡುಗರು ಕೊಕ್ಕೆಗೆ ಹಗ್ಗ ಬಿಗಿದು ಜಗ್ಗಿ ಹಿಡಿದರು. ಹಿರಿಯರು, ಮೇಡಂ ಕರೆದಂತೆ, ಅಂಬೆಗಾಲಿಟ್ಟು, ಒಬ್ಬೊಬ್ಬರೇ ನಡುವಿಗೆ ಸರಿದರು. ಟ್ರಾಲಿ ತೊಟ್ಟಿಲಿನಷ್ಟು ಮೆತ್ತಗೆ ಕೆಳಗೆ ಬಂತು. ಒಬ್ಬರ ಕಾಲು ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮೇಡಂ ಸೀರೆ ಕೊಡವಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಹೊರಟುಬಿಟ್ಟರು. ಭವಿಷ್ಯ ಮಾರ್ಗದರ್ಶನವೆಂದು ಅಂದು ಮಕ್ಕಳ ಕಿವಿಗೆ ಬಿದ್ದದ್ದು "ಮಕ್ಕಳೇ" ಎಂಬ ಒಂದು ಪದ. ಶರಣಪ್ಪ ನನ್ನ ಕಡೆ ನೋಡದೆ ಮನೆಗೆ ಹೋದರು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ನನ್ನ ಒಂದು ಕಾಲು ಟ್ರಾಲಿಯ ಹೊರಗೆ, ಅತ್ತ ಮಕ್ಕಳು. ಬೆಚ್ಚಿ ಎದ್ದು ಮಂಚದ ಅಂಚು ಹಿಡಿದು ಕೂರುತ್ತಿದ್ದೆ. ಹೆಂಡತಿ ಕಸ್ತೂರಿ ಮೊದಲು ನೀರು ಕೊಟ್ಟಳು, ಆಮೇಲೆ ವಿಭೂತಿ ಹಚ್ಚಿದಳು. ಎರಡೂ ಫಲಿಸದಾಗ ಕೇಳಿದಳು:

"ಮಂಚದ ಅಡಿಗಿ ಕಲ್ಲು ಇಡ್ಲೇನ್ರಿ?"

ಹೆದರಿಕೆಯ ಜೊತೆ ಇನ್ನೊಂದು ಸಂಕಟವೂ ಇತ್ತು. ಒಂದು ಹುಡುಗಿಯ ಓದನ್ನು ನನ್ನ ಹಾರತುರಾಯಿ ನುಂಗಿಹಾಕಿತಲ್ಲ ಎಂಬುದು. ಫಲಿತಾಂಶ ಬಂತು, ಮಹಾದೇವಿ ಫಸ್ಟ್ ಕ್ಲಾಸ್. ಶರಣಪ್ಪನವರ ಮನೆ ಕಡೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಕಾಲೇಜು ಶುರುವಾಗುವ ದಿನಗಳಲ್ಲಿ ಒಂದು ಬೆಳಿಗ್ಗೆ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಗಳು ಇಬ್ಬರೂ ಕಂಡರು. ಕಂಬದ ಮರೆಗೆ ಸರಿಯುವಷ್ಟರಲ್ಲಿ ಶರಣಪ್ಪ ಕೂಗಿದರು. ಹುಮನಾಬಾದಿಗೆ ಹೊರಟಿದ್ದರು. ಪಿಯುಸಿ ಸೈನ್ಸ್ ಸೇರಿಸಲಿಕ್ಕೆ.

ನನಗೆ ನಂಬಿಕೆ ಬರಲಿಲ್ಲ. "ಅವತ್ತು ಮೇಡಂ ಏನೂ ಮಾತಾಡ್ಲೇ ಇಲ್ಲಲ್ರಿ?"

"ಅಷ್ಟು ಮಂದಿ ದೊಡ್ಡ ಗಂಡಸರು, ಒಂದು ಹೆಣ್ಣುಮಗಳು ಕುಂದ್ರು ಅಂದ್ರ ಕುಂತ್ರು. ಇನ್ನೇನ್ ಮಾತಾಡ್ಬೇಕ್ರಿ ಮಾಸ್ತರ್?"

ಎಷ್ಟಾದರೂ ಆ ಮೇಡಂ ಅವರನ್ನು ಕರೆತಂದವನು ನಾನು. ಈ ಮಗುವಿನ ಭವಿಷ್ಯದಲ್ಲಿ ನನ್ನದೂ ಒಂದು ಪಾಲಿದೆ ಎಂದು ಎದೆಯುಬ್ಬಿಸಿ, ಮಗಳಿಗೆ ಏನು ಬುದ್ಧಿ ಹೇಳಿದಿರಿ ಎಂದು ಶರಣಪ್ಪನವರನ್ನು ಕೇಳಿದೆ.

"ಏನು ಬೇಕಾದ್ದು ಓದು ಅಂದೀನ್ರಿ," ಎಂದರು ಶರಣಪ್ಪ. "ಒಂದೇ ಮಾತು, ಮಾಸ್ತರಕಿ ಮಾತ್ರ ಬ್ಯಾಡ ಅಂದೀನಿ. ನಿಮ್ಮನ್ನ ನೋಡಿದ ಮ್ಯಾಲ ಅಂಜಿಕಿ ಬರ್ತದ್ರಿ."

ಮಹಾದೇವಿ ನಗು ತಡೆಯಲಾರದೆ ಬಸ್ಸಿನ ಬೋರ್ಡು ಓದತೊಡಗಿದಳು. ಬಸ್ಸು ಹೊರಟಿತು.

ಅಂದು ರಾತ್ರಿ ಮಲಗಿದವನು ಬೆಳಗಿನವರೆಗೆ ಏಳಲಿಲ್ಲ. ಕಸ್ತೂರಿ ಚಹಾ ತಂದಾಗ ಅವಳ ಕಣ್ಣು ಕೆಂಪಗಿದ್ದವು. ಇಷ್ಟು ದಿನ ನೀವು ಎದ್ದು ಕೂರುತ್ತಿದ್ದದ್ದೇ ಚೆನ್ನಾಗಿತ್ತು, ನಿಮ್ಮ ಗೊರಕೆಗೆ ರಾತ್ರಿಯೆಲ್ಲ ನನಗೆ ನಿದ್ದೆಯಿಲ್ಲ ಎಂದಳು.